ಬಾಗಿಲ ಮಿಷನ್ನಿನವಳಿಗೆ ಹೆಣೆದ ಸಾಕ್ಸು

ಸಾಕ್ಸು ಹೆಣೆಯುವುದು ದೊಡ್ಡ ವಿದ್ಯೆಯೇನಲ್ಲ. ನಾಲ್ಕು ಕಡ್ಡಿ, ಎರಡು ಉಂಡೆ ಉಲ್ಲನ್, ಒಂದು ಕಡೆ ಕೂರುವ ತಾಳ್ಮೆ ಇದ್ದರೆ ಯಾರು ಬೇಕಾದರೂ ಹೆಣೆಯಬಹುದು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ನನಗೇ ಬಂತು. ಹಿಮ್ಮಡಿ ತಿರುಗಿಸುವ ಜಾಗ ಸ್ವಲ್ಪ ತಲೆ ತಿನ್ನುತ್ತದೆ, ಅಷ್ಟೇ. ಸಾಧಾರಣವಾಗಿ ಒಂದು ಜೊತೆಗೆ ನನಗೆ ಹತ್ತು ಹನ್ನೆರಡು ದಿನ ಸಾಕು. ಒಂದೇ ಒಂದು ಜೊತೆಗೆ ಮಾತ್ರ ಸುಮಾರು ಮೂರು ತಿಂಗಳು ಹಿಡಿಯಿತು. ಅದರ ವಿಷಯ ಬರೆಯುತ್ತೇನೆ.

ತೊಂಬತ್ತೈದರ ಹೊತ್ತಿಗೆ ನಾನು ಪೀಣ್ಯದಲ್ಲಿ ಲೇತ್ ಮಿಷನ್ ಮೇಲೆ ಇದ್ದೆ. ಲಗ್ಗೆರೆಯಲ್ಲಿ ಇಬ್ಬರ ಜೊತೆ ರೂಮು. ಕೆಲಸದ ಜಾಗದಲ್ಲಿ ಒಂದೇ ಕಾಂಪೌಂಡಿನೊಳಗೆ ಎರಡು ಶೆಡ್ಡು, ಎರಡಕ್ಕೂ ಒಬ್ಬರೇ ಮಾಲೀಕರು. ನಮ್ಮ ಶೆಡ್ಡಿನಲ್ಲಿ ನಾವು ಗಂಡಸರು ಲೇತಿಗೆ ಕಟ್ಟಿ ಶಾಫ್ಟು, ಬಾಬಿನ್ ಕಡೆಯುತ್ತಿದ್ದೆವು, ಎದುರಿನ ಶೆಡ್ಡಿನಲ್ಲಿ ಹೆಂಗಸರು ಅದೇ ಬಾಬಿನ್ನಿಗೆ ತಾಮ್ರದ ತಂತಿ ಸುತ್ತಿ ಕಾಯಿಲ್ ಮಾಡುತ್ತಿದ್ದರು. ಗೇಟಿನಲ್ಲಿ ಒಬ್ಬ ವಾಚ್‌ಮನ್. ಇಪ್ಪತ್ತು ವರ್ಷ ಸೇನೆಯಲ್ಲಿದ್ದು ಬಂದ ಮುದುಕ. ಅವರಿಗೆ ಎಲ್ಲರೂ ಮಿಲ್ಟ್ರಿ ತಾತ ಅನ್ನುತ್ತಿದ್ದರು.

ಆ ತಾತ ಗೇಟಿನಲ್ಲಿ ಕೂತು ಉಲ್ಲನ್ ಹೆಣೆಯುತ್ತಿದ್ದರು. ನೋಡಿದವರೆಲ್ಲ ನಗುತ್ತಿದ್ದರು, ನಾನೂ ನಕ್ಕಿದ್ದೆ. ಹಿಮ ಬೀಳುವ ಯಾವುದೋ ಬೆಟ್ಟದ ಮೇಲೆ ಡ್ಯೂಟಿ ಇದ್ದಾಗ ಒಬ್ಬ ಹವಾಲ್ದಾರನಿಂದ ಕಲಿತಿದ್ದಂತೆ. ಅಲ್ಲಿ ಸಾಕ್ಸು ಹರಿದರೆ ಕಾಲಿನ ಬೆರಳೇ ಹೋಗುತ್ತಿತ್ತಂತೆ, ಹಾಗಾಗಿ ಯಾರೂ ನಗುತ್ತಿರಲಿಲ್ಲವಂತೆ.

ನನಗೆ ನಗುವುದು ನಿಂತದ್ದು ಕಂಪನಿಯ ಕಬ್ಬಿಣದ ಮೂತಿಯ ಶೂ ಹಾಕಿಕೊಂಡ ಮೇಲೆ. ಹಿಮ್ಮಡಿ ಎರಡೂ ಕಿತ್ತು ರಕ್ತ ಬಂತು. ಫುಟ್‌ಪಾತಿನ ನೈಲಾನ್ ಸಾಕ್ಸು ಹದಿನೈದು ದಿನಕ್ಕೆ ತೂತಾಗುತ್ತಿತ್ತು. ಒಂದು ದಿನ ಕುಂಟಿಕೊಂಡು ಗೇಟಿನ ಒಳಗೆ ಬಂದಾಗ ತಾತ ಕರೆದು, ನಾಲ್ಕು ಸೈಕಲ್ ಸ್ಪೋಕ್ಸ್ ಕೊಟ್ಟರು. ಎರಡೂ ತುದಿ ಕತ್ತರಿಸಿ, ಲೇತಿಗೆ ಕಟ್ಟಿ ಚೂಪು ಮಾಡಿ ಎಮರಿ ಪೇಪರಿನಲ್ಲಿ ನುಣ್ಣಗೆ ಮಾಡಿಕೊಡು, ನಿನಗೆ ಸಾಕ್ಸು ಹೆಣೆಯೋದು ಹೇಳಿಕೊಡುತ್ತೇನೆ ಅಂದರು. ಊಟದ ಹೊತ್ತಿನಲ್ಲಿ ಮಾಡಿದೆ. ಅವರು ಕಡ್ಡಿಯನ್ನು ಕೆನ್ನೆಗೆ ಉಜ್ಜಿ ನೋಡಿ, ಇದು ಕೆಲಸ ಅಂದರು.

ಕಲಿಯುವುದಕ್ಕೆ ಒಂದು ತಿಂಗಳು ಆಯಿತು. ಮೂರು ಕಡ್ಡಿಯಲ್ಲಿ ಕುಣಿಕೆ ಹಿಡಿದು ನಾಲ್ಕನೆಯದರಲ್ಲಿ ಹೆಣೆಯಬೇಕು. ನನ್ನ ಕಾಲಿಗೆ ಅರವತ್ತು ಕುಣಿಕೆ, ಕಡ್ಡಿಗೆ ಇಪ್ಪತ್ತು. ಮೇಲಿನ ಪಟ್ಟಿ ಎರಡು ಸೀದಾ, ಎರಡು ಉಲ್ಟಾ. ಅದು ಕಾಲಿನ ಗಿಣ್ಣನ್ನು ಹಿಡಿದುಕೊಳ್ಳಬೇಕು, ಆದರೆ ಕಚ್ಚಬಾರದು. ಆಮೇಲೆ ಅರ್ಧ ಕುಣಿಕೆ ಮಾತ್ರ ತೆಗೆದುಕೊಂಡು ಹಿಮ್ಮಡಿ. ಅಲ್ಲಿ ಒಂದು ಹೆಣೆದು ಒಂದನ್ನು ಹಾಗೇ ಎತ್ತಿಕೊಂಡು ಹೋದರೆ ಬಟ್ಟೆ ಎರಡು ಪಟ್ಟು ದಪ್ಪ ಬರುತ್ತದೆ. ಸಾಕ್ಸು ಮೊದಲು ಸವೆಯುವುದೇ ಅಲ್ಲಿ. ಆ ಜಾಗಕ್ಕೆ ಉಲ್ಲನ್ ಜೊತೆ ದರ್ಜಿ ಅಂಗಡಿಯ ಒಂದೆಳೆ ನೈಲಾನ್ ದಾರ ಸೇರಿಸಿಕೊಂಡರೆ ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಇಷ್ಟೇ ವಿದ್ಯೆ.

ರೂಮಿನವರು ನನ್ನನ್ನು ಅಜ್ಜಿ ಅಂತ ಕರೆಯಲು ಶುರು ಮಾಡಿದರು. ಕರೆಯಲಿ. ನನ್ನ ಹಿಮ್ಮಡಿ ಒಣಗಿತ್ತು.

ಬಾಬಿನ್ ಡಬ್ಬವನ್ನು ಎದುರಿನ ಶೆಡ್ಡಿಗೆ ಕೊಟ್ಟು ಬರುವುದು ನನ್ನ ಪಾಲಿಗೆ ಬಿದ್ದಿತ್ತು. ತಂತಿ ಕೂದಲಿಗಿಂತ ಸಣ್ಣ, ಧೂಳು ಕೂತರೆ ಕಾಯಿಲ್ ಕೆಡುತ್ತದೆ ಅಂತ ಅಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವ ಹಾಗಿಲ್ಲ. ಬಾಗಿಲಿನ ಹೊರಗೆ ಚಪ್ಪಲಿಗಳ ಸಾಲು. ಹೆಂಗಸರು ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ಕಾಲಿಟ್ಟು, ಕಬ್ಬಿಣದ ಪೆಡಲ್ ಒತ್ತಿಕೊಂಡು ದಿನವೆಲ್ಲ ಕೂರುತ್ತಿದ್ದರು. ಬಾಗಿಲಿಗೆ ಹತ್ತಿರದ ಮಿಷನ್ನಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಬಾಗಿಲಲ್ಲೇ ನಿಂತು ಡಬ್ಬ ಅವಳ ಕೈಗೇ ಕೊಡುತ್ತಿದ್ದೆ.

ಅವಳೂ ಲಗ್ಗೆರೆಯವಳೇ. ಅಣ್ಣ ಅತ್ತಿಗೆ ಜೊತೆ ಇದ್ದಳು. ಕಾಂಪೌಂಡಿನಲ್ಲಿರುವ ಗಂಡಸರನ್ನೆಲ್ಲ, ತಾತನನ್ನು ಬಿಟ್ಟು, ಅಣ್ಣ ಅಂತಲೇ ಕರೆಯುತ್ತಿದ್ದಳು. ನನ್ನನ್ನು ಮಾತ್ರ ಲೇತ್ ಕೆಲಸದ ಹೆಸರು ಹಿಡಿದು ಟರ್ನರ್ರೇ ಅನ್ನುತ್ತಿದ್ದಳು. ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೆ ಅಂತ ಹೇಳಿದರೆ ನಾಚಿಕೆ.

ಒಂದು ದಿನ ಡಬ್ಬ ಜಾಸ್ತಿ ಇತ್ತು. ಶೂ ಬಿಚ್ಚಿ, ಡಬ್ಬ ಒಳಗೇ ತಂದಿಡು ಅಂದರು ಸೂಪರ್‌ವೈಸರ್ ಮೇಡಂ. ಬಿಚ್ಚಿದೆ. ಬೂದು ಬಣ್ಣದ ನನ್ನ ಸಾಕ್ಸು ಎಲ್ಲರ ಕಣ್ಣಿಗೆ ಬಿತ್ತು.

"ಯಾವ್ ಅಂಗಡೀದು ಟರ್ನರ್ರೇ?" ಅಂತ ಕೇಳಿದಳು ಅವಳು.

ನಾನೇ ಹೆಣೆದದ್ದು ಅಂದೆ. ಇಡೀ ಶೆಡ್ಡು ನಕ್ಕಿತು. ಒಬ್ಬ ಹೆಂಗಸು, ನಮ್ಮ ಯಜಮಾನ್ರಿಗೂ ಸ್ವಲ್ಪ ಕಲಿಸಿಕೊಡಪ್ಪ, ಮನೇಲಿ ದಂಡಕ್ಕೆ ಕೂತಿದಾರೆ ಅಂದಳು. ಇವಳು ನಗಲಿಲ್ಲ. ಬಗ್ಗಿ ನನ್ನ ಹಿಮ್ಮಡಿ ಕಡೆ ನೋಡಿದಳು. ಮುಂಗಾರಿನ ಗಾಳಿ ಬಾಗಿಲಿನಿಂದ ನೇರ ಅವಳ ಕಾಲಿಗೆ ಹೊಡೆಯುತ್ತಿತ್ತು. ಅವಳ ಹಿಮ್ಮಡಿ ಬಿರುಕು ಬಿಟ್ಟಿತ್ತು, ಪೆಡಲ್ ಮೇಲೆ ಒಂದು ಹಳೇ ಬಟ್ಟೆ ಸುತ್ತಿಕೊಂಡಿದ್ದಳು.

"ನಂಗೂ ಒಂದ್ ಜೊತೆ ಹಾಕ್ಕೊಡ್ತೀರಾ?" ಅಂದಳು.

ಆಗಲಿ ಅಂದೆ. ಹೊರಗೆ ಬಂದು ಶೂ ಹಾಕಿಕೊಳ್ಳುವಾಗಲೇ ತೀರ್ಮಾನ ಮಾಡಿದ್ದೆ. ಸಾಕ್ಸು ಕೊಡುವ ದಿನ ಕೇಳಿಬಿಡುವುದು, ನನ್ನನ್ನು ಮದುವೆ ಆಗುತ್ತೀರಾ ಅಂತ. ನಾನು ಮನಸ್ಸಿಗೆ ಬಂದದ್ದನ್ನು ಮುಖಕ್ಕೆ ಹೇಳುವವನು. ಡ್ರಾಯಿಂಗ್ ತಪ್ಪಿದೆ ಅಂತ ಮಾಲೀಕರಿಗೇ ಹೇಳಿದ್ದೆ. ಈ ಒಂದು ಮಾತು ಹೇಳೋಕೆ ಏನು ಕಷ್ಟ ಅಂದುಕೊಂಡೆ.

ಅಳತೆ ಬೇಕಿತ್ತು. ಕಾಲು ಚಾಚಿ ಅಂತ ಅಷ್ಟು ಜನರ ಎದುರು ಹೇಗೆ ಹೇಳುವುದು? ಊಟದ ಬೆಲ್ಲಿಗೆ ಮುಂಚೆ ಹೋಗಿ, ಹೊರಗಿನ ಸಾಲಿನಲ್ಲಿ ಅವಳ ಚಪ್ಪಲಿ ಹುಡುಕಿ, ನನ್ನ ವರ್ನಿಯರ್ ಇಟ್ಟು ಅಳೆದೆ. ಉದ್ದ ಇನ್ನೂರ ನಲವತ್ತಾರು ಎಂಎಂ. ಅಗಲ ಎರಡು ಕಡೆ ತೆಗೆದುಕೊಂಡೆ. ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಕಂದು ಕೆಂಪು ಉಲ್ಲನ್ ತಂದು ಶುರು ಮಾಡಿದೆ. ಹದಿನೈದು ದಿನಕ್ಕೆ ಒಂದು ಸಾಕ್ಸು ಸರಿಯಾಗಿ ಇನ್ನೂರ ನಲವತ್ತಾರಕ್ಕೆ ಬಂತು. ಒಂದು ಎಂಎಂ ಆಚೆ ಇಲ್ಲ, ಈಚೆ ಇಲ್ಲ. ತಾತನಿಗೆ ತೋರಿಸಿದೆ.

ತಾತ ಅದರೊಳಗೆ ಕೈ ತೂರಿಸಿ ಅಲ್ಲಾಡಿಸಿದರು. "ಇದ್ನ ಚಪ್ಲಿಗಾಕ್ತೀಯೋ ಕಾಲಿಗಾಕ್ತೀಯೋ?" ಅಂದರು.

ನಾನು ವಾದ ಮಾಡಿದೆ. ತಾತ ನನ್ನ ಶೂ ಬಿಚ್ಚಿಸಿದರು. ನಾನು ಹಾಕಿಕೊಂಡಿದ್ದ ಸಾಕ್ಸು ತೆಗೆದು ನೆಲದ ಮೇಲಿಟ್ಟು, ಅದರ ಪಕ್ಕ ನನ್ನ ಪಾದ ಇಡಿಸಿದರು. ಸಾಕ್ಸು ಪಾದಕ್ಕಿಂತ ಒಂದು ಇಂಚು ಗಿಡ್ಡ ಇತ್ತು. ಅಷ್ಟು ದಿನ ಹಾಕಿಕೊಂಡು ಓಡಾಡಿದ್ದೆ, ನೋಡಿರಲಿಲ್ಲ. ಉಲ್ಲನ್ ಎಳೆದುಕೊಂಡು ಕೂರಬೇಕು, ಕಾಲಿಗಿಂತ ದೊಡ್ಡದಾದರೆ ಮಡಿಚಿಕೊಂಡು ಗುಳ್ಳೆ ಎಬ್ಬಿಸುತ್ತದೆ ಅಂದರು. ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಬೇರಿಂಗ್ ಬಿಗಿಯಾಗಿ ಕೂರಬೇಕು ಅಂತ ಶಾಫ್ಟನ್ನು ತೂತಿಗಿಂತ ಕೂದಲೆಳೆ ದಪ್ಪ ಬಿಡುವುದು ನನ್ನ ದಿನನಿತ್ಯದ ಕೆಲಸ. ಲೋಹಕ್ಕೆ ಗೊತ್ತಿದ್ದದ್ದು ಕಾಲಿಗೆ ಹೊಳೆಯಲಿಲ್ಲ.

ಪೂರ್ತಿ ಬಿಚ್ಚಿದೆ. ಮತ್ತೆ ಚಪ್ಪಲಿ ಸಾಲಿಗೆ ಹೋದೆ. ಈ ಸಲ ಚಪ್ಪಲಿ ಬಿಟ್ಟು, ಅದರ ಮೇಲೆ ಅವಳ ಪಾದ ಒತ್ತಿ ಒತ್ತಿ ಬಿದ್ದಿದ್ದ ಕಪ್ಪು ಗುರುತನ್ನು ಅಳೆದೆ. ಹಿಮ್ಮಡಿಯ ದುಂಡು, ಐದು ಬೆರಳಿನ ಐದು ಚುಕ್ಕೆ, ಎಲ್ಲ ಅಚ್ಚು ಹೊಡೆದ ಹಾಗೆ ಇತ್ತು. ಇನ್ನೂರ ಇಪ್ಪತ್ತೆಂಟು. ಅಳೆದು ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಯಜಮಾನರಿಗೆ ಕಲಿಸು ಅಂದಿದ್ದ ಹೆಂಗಸು ಬಾಗಿಲಿಗೆ ಬಂದು ನೋಡಿ, "ಯಾಕಪ್ಪ, ಚಪ್ಲಿ ಕದ್ದು ಹೊಟ್ಟೆ ಹೊರಕೊಳ್ಳೋ ಹಂಗಾಯ್ತಾ?" ಅಂದಳು. ಎದ್ದು ಬಂದೆ. ಅವಳ ಹಿಂದೆ ಬಾಗಿಲ ಮಿಷನ್ನಿನವಳು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು.

ಆ ಅಳತೆಯಲ್ಲಿ ಒಂದು ಇಂಚು ಕಳೆದು, ಐವತ್ತೆರಡು ಕುಣಿಕೆ ಹಾಕಿ ಮತ್ತೆ ಶುರು ಮಾಡಿದೆ. ಅವಳು ಡಬ್ಬ ತೆಗೆದುಕೊಳ್ಳುವಾಗ ದಿನಾ ಕೇಳುತ್ತಿದ್ದಳು, ಎಲ್ಲಿಗೆ ಬಂತು ಅಂತ. ಪಟ್ಟಿ ಆಯಿತು ಅನ್ನುತ್ತಿದ್ದೆ. ಹಿಮ್ಮಡಿಯಲ್ಲಿದೆ ಅನ್ನುತ್ತಿದ್ದೆ. ಒಂದೊಂದು ಸಲ ಬಿಚ್ಚಿದ್ದೇನೆ ಅನ್ನುತ್ತಿದ್ದೆ. ಅವಳು ಬಲಗಾಲಲ್ಲಿ ಪೆಡಲ್ ಒತ್ತುವವಳು, ಆ ಪಾದದ ಉಬ್ಬು ಜಾಗ ಬೇಗ ಸವೆಯುತ್ತದೆ ಅಂತ ಬಲಗಡೆಯದಕ್ಕೆ ಅಂಗಾಲಿಗೂ ನೈಲಾನ್ ದಾರ ಸೇರಿಸಿದೆ. ಅದಕ್ಕೆ ಒಂದು ಸಲ ಬಿಚ್ಚಬೇಕಾಯಿತು. ಶೆಡ್ಡಿನಲ್ಲಿ ಜಗಳ ಮಾಡಿಕೊಂಡು ಬಂದ ದಿನ ಹೆಣೆದದ್ದು ಬಿಗಿಯಾಗಿ ಬಂತು ಅಂತ ಇನ್ನೊಂದು ಸಲ.

ಆಷಾಢ ಮುಗಿಯುತ್ತ ಬಂದಾಗ ಅವಳು ಡಬ್ಬ ಹಿಡಿದುಕೊಂಡು, "ಬೇಗ ಮುಗ್ಸಿ. ಶ್ರಾವಣ ಬಂದ್ರೆ ನಮ್ಮಣ್ಣ ಗಂಡು ನೋಡೋಕ್ ಶುರು ಮಾಡ್ತಾನೆ," ಅಂದಳು. ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ನನಗೂ ಅರ್ಥವಾಯಿತು. ಬಲಗಡೆಯದು ಮುಗಿದಿತ್ತು, ಎಡಗಡೆಯದು ಪಟ್ಟಿಯಲ್ಲಿತ್ತು. ತಾತನಿಗೆ ಎಲ್ಲ ಹೇಳಿದೆ.

"ಒಂದಾಗೈತಲ್ಲ, ಒಂದ್ನೇ ಕೊಟ್ಟು ಕೇಳು," ಅಂದರು ತಾತ. "ಇನ್ನೊಂದು ಆಮ್ಯಾಕೆ ಕೊಡ್ತೀನಿ ಅನ್ನು."

"ಒಂದು ಸಾಕ್ಸ್ ಯಾರಾದ್ರೂ ಕೊಡ್ತಾರಾ ತಾತ? ನಗ್ತಾಳೆ."

"ನಗ್ಲಿ ಬಿಡು. ನಗೋಕಾದ್ರೂ ಇಲ್ಲೇ ಇರ್ತಾಳಲ್ಲ."

ನಾನು ಕೇಳಲಿಲ್ಲ. ಅರ್ಧ ಕೆಲಸ ಕೊಟ್ಟು ಅಭ್ಯಾಸ ಇಲ್ಲ ಅಂದೆ. ಇವತ್ತು ನೆನೆಸಿಕೊಂಡರೆ ಅದು ಬರೀ ನೆಪ. ಕೆಲಸ ಮುಗಿಯದಿದ್ದರೆ ಮಾತಾಡುವ ದಿನವೂ ಬರುವುದಿಲ್ಲ ಅಂತ ನನ್ನ ಕೈಗಳಿಗೆ ಗೊತ್ತಿತ್ತು. ಎಡಗಡೆಯದನ್ನು ಎರಡು ಸಲ ಬಿಚ್ಚಿದೆ. ಎರಡನೇ ಸಲ ಬಿಚ್ಚುವಂಥ ತಪ್ಪೇನೂ ಅದರಲ್ಲಿ ಇರಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಮುಗಿಯಿತು. ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟೆ. ಅವಳು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಅಂಗಾಲಿನ ಧೂಳನ್ನು ಕೈಯಲ್ಲಿ ಒರೆಸಿಕೊಂಡು ಹಾಕಿಕೊಂಡಳು. ಎಳೆದುಕೊಂಡು ಕೂತಿತು. ಎಲ್ಲೂ ಸುಕ್ಕಿಲ್ಲ. ಪಟ್ಟಿ ಸರಿಯಾಗಿ ಗಿಣ್ಣಿನ ಮೇಲೆ ನಿಂತಿತು. ಎದ್ದು ನಾಲ್ಕು ಹೆಜ್ಜೆ ನಡೆದಳು. ಒಳಗೆ ಹೋಗಿ ಪೆಡಲ್ ಒತ್ತಿ ನೋಡಿ, ಮತ್ತೆ ಬಾಗಿಲಿಗೆ ಬಂದಳು.

"ಹಾಕ್ಕೊಂಡಿದೀನಿ ಅಂತಾನೇ ಗೊತ್ತಾಗ್ತಿಲ್ಲ," ಅಂದಳು. ಅಂದು ಹಾಗೇ ನಿಂತಳು.

ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ಯಾರೂ ಕರೆಯಲಿಲ್ಲ. ನನ್ನ ಮಾತು ತಯಾರಿತ್ತು, ಮೂರು ತಿಂಗಳಿಂದ ಬಾಯಲ್ಲಿ ತಿರುವಿಕೊಂಡಿದ್ದ ಮಾತು.

"ಬಿಸಿನೀರಲ್ಲಿ ಒಗೀಬೇಡಿ, ಚಿಕ್ಕದಾಗತ್ತೆ," ಅಂದೆ.

 ಅವಳು ಸರಿ ಅಂತ ಒಳಗೆ ಹೋದಳು.

ಹೋಗಲಿ, ನಾಳೆ ಕೇಳೋಣ ಅಂದುಕೊಂಡೆ. ನಾಳೆ ಅಂತ ಒಂದು ವಾರ ಹೋಯಿತು. ಅಷ್ಟರಲ್ಲಿ ಮಾಲೀಕರು ಎಲೆಕ್ಟ್ರಾನಿಕ್ ಸಿಟಿ ಆಚೆ ಬೊಮ್ಮಸಂದ್ರದಲ್ಲಿ ಹೊಸ ಶೆಡ್ಡು ಹಾಕಿದರು. ಮಿಷನ್ ಕೂರಿಸಿ ಅಲ್ಲಿನ ಹುಡುಗರಿಗೆ ಕೆಲಸ ಹೇಳಿಕೊಡು ಅಂತ ನನ್ನನ್ನು ಕಳಿಸಿದರು. ಒಂದು ತಿಂಗಳು ಅಂದದ್ದು ಮೂರು ತಿಂಗಳಾಯಿತು. ಊರಿನ ಆ ತುದಿಯಿಂದ ಈ ತುದಿಗೆ ಬರಬೇಕಾದರೆ ಮೂರು ಬಸ್ಸು. ಭಾನುವಾರ ಅವಳ ಶೆಡ್ಡಿಗೂ ರಜಾ. ಅವಳ ಅಣ್ಣನ ಮನೆ ಬಾಗಿಲಿಗೆ ಹೋಗಿ ನಿಲ್ಲಲು ನಾನು ಯಾರು?

ಆ ಮೂರು ತಿಂಗಳು ಆನೇಕಲ್ ರಸ್ತೆ ಪಕ್ಕದ ಒಂದು ರೂಮಿನಲ್ಲಿ ಇದ್ದೆ. ಕೈ ಸುಮ್ಮನಿರುತ್ತಿರಲಿಲ್ಲ, ಅದೇ ಕಂದು ಕೆಂಪು ಉಲ್ಲನ್ ಉಳಿದದ್ದರಲ್ಲಿ ಏನಾದರೂ ಹೆಣೆಯುತ್ತಿದ್ದೆ. ಬೆಳಿಗ್ಗೆ ನೆಲದ ಮೇಲೆ ಕಾಲಿಟ್ಟು ತಣ್ಣಗಾದಾಗ, ಈ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ಕೂತು ಸಾಕ್ಸು ಹಾಕಿಕೊಳ್ಳುತ್ತಿರುತ್ತಾಳೆ ಅಂತ ಲೆಕ್ಕ ಹಾಕುತ್ತಿದ್ದೆ. ಬಲಗಾಲು ಮೊದಲೋ ಎಡಗಾಲು ಮೊದಲೋ ಅಂತ ನೆನಪು ಮಾಡಿಕೊಳ್ಳುತ್ತಿದ್ದೆ. ಕೊಟ್ಟ ದಿನ ಬಲಗಾಲು ಮೊದಲು ಹಾಕಿಕೊಂಡಿದ್ದಳು. ವಾಪಸ್ ಹೋದ ದಿನವೇ, ಡಬ್ಬ ಕೊಡುವ ಮುಂಚೆಯೇ, ಕೇಳಿಬಿಡುವುದು ಅಂತ ಗಟ್ಟಿ ಮಾಡಿಕೊಂಡೆ.

ಡಿಸೆಂಬರ್ ಚಳಿಯಲ್ಲಿ ವಾಪಸ್ ಬಂದೆ. ಗೇಟಿನಲ್ಲಿ ತಾತ ಕೂತಿದ್ದರು. ಹೇಗಿದ್ದೀಯಾ ಅಂತಲೂ ಕೇಳದೆ, ಕುರ್ಚಿ ಕೆಳಗಿನಿಂದ ಒಂದು ಪೇಪರ್ ಪೊಟ್ಟಣ ತೆಗೆದು ಕೊಟ್ಟರು.

"ಕಾಯಿಲ್ ಶೆಡ್ ಹುಡುಗಿ ಕೊಟ್ಟೋಗವ್ಳೆ. ತೂತಾಗೈತಂತೆ."

ನಿಂತಲ್ಲೇ ಬಿಚ್ಚಿ ನೋಡಿದೆ. ಒಗೆದು ಮಡಿಚಿಟ್ಟಿದ್ದಳು. ಮೊದಲು ಹಿಮ್ಮಡಿ ನೋಡಿದೆ, ಗಟ್ಟಿಯಾಗಿತ್ತು. ಬಲಗಡೆಯ ಅಂಗಾಲು, ಪೆಡಲ್ ತಾಗುವ ಜಾಗ, ಹಾಗೇ ಇತ್ತು. ಮುಂದೆ ಬೆರಳಿನ ಹತ್ತಿರ, ಹೆಬ್ಬೆರಳಿನ ಪಕ್ಕದ ಬೆರಳು ಬರುವ ಕಡೆ ತೂತು. ಎಡಗಡೆಯದರಲ್ಲೂ ಅದೇ ಜಾಗ, ಅಷ್ಟೇ ಗಾತ್ರ. ಅಲ್ಲಿ ಯಾವ ಸಾಕ್ಸೂ ತೂತಾದದ್ದನ್ನು ನಾನು ನೋಡಿರಲಿಲ್ಲ.

"ತುದಿ ಮುಚ್ಚಿದ್ದು ಸರಿ ಆಗಿಲ್ವಾ ತಾತ?" ಅಂದೆ.

"ನಿನ್ ಕೆಲಸ್ದಾಗೆ ತಪ್ಪಿಲ್ಲ ಕಣಪ್ಪ," ಅಂದರು. "ಕಾಲುಂಗ್ರ ಉಜ್ಜೈತೆ."

ಬೆರಳು ಆ ತೂತಿನಲ್ಲೇ ಇತ್ತು. ತೆಗೆಯಲಿಲ್ಲ. ಯಾವಾಗ ಅಂತ ಕೇಳಿದೆ. ದೀಪಾವಳಿ ಆದ ಹದಿನೈದು ದಿನಕ್ಕೆ ಅಂದರು. ಅಣ್ಣನ ಕಡೆ ಗುರುತಿನವನಂತೆ, ಆಟೋ ಬಿಡಿಭಾಗದ ಅಂಗಡಿ ಇದೆಯಂತೆ, ಒಳ್ಳೆಯವನಂತೆ. ಕಾಂಪೌಂಡಿನಲ್ಲಿ ಎಲ್ಲರಿಗೂ ಕಾರ್ಡ್ ಕೊಟ್ಟಳಂತೆ, ನನಗೂ ಒಂದು.

"ಎಲ್ಲಿ ಕಾರ್ಡು?"

"ನಾನೇ ಇಟ್ಕಂಡೆ. ಅದ್ನ ಅಲ್ಲಿಗಂಟ ಯಾಕ್ ಕಳಿಸ್ಲಿ."

ಸಾಕ್ಸನ್ನು ರೂಮಿಗೆ ತಂದೆ. ಸೂಜಿ ದಾರದಲ್ಲಿ ತೂತು ಮುಚ್ಚಬಹುದಿತ್ತು, ಒಂದು ಗಂಟೆ ಕೆಲಸ. ಆದರೆ ಉಂಗುರ ಅಲ್ಲೇ ಇರುತ್ತದಲ್ಲ, ತಿಂಗಳಿಗೆ ಮತ್ತೆ ತಿನ್ನುತ್ತದೆ. ಅದಕ್ಕೆ ಎರಡರ ತುದಿಯನ್ನೂ ಬೆರಳಿನ ಬುಡದ ತನಕ ಬಿಚ್ಚಿದೆ. ಕಡ್ಡಿಗೆ ಏರಿಸಿ, ಉಲ್ಲನ್ ಎರಡೆಳೆ, ಜೊತೆಗೆ ನೈಲಾನ್ ಹಿಡಿದು ಮತ್ತೆ ಹೆಣೆದೆ. ಉಂಗುರ ಕೂರುವ ಕಡೆ ನಾಲ್ಕು ಕುಣಿಕೆ ಜಾಸ್ತಿ ಬಿಟ್ಟು ಸಡಿಲ ಮಾಡಿದೆ. ನನ್ನ ಇಡೀ ಸಾಕ್ಸಿನಲ್ಲಿ ಸಡಿಲ ಬಿಟ್ಟ ಜಾಗ ಅದೊಂದೇ. ಈ ಸಲ ಒಂದು ಸಲವೂ ಬಿಚ್ಚಲಿಲ್ಲ. ಎರಡು ದಿನದಲ್ಲಿ ಮುಗಿಯಿತು.

ಶನಿವಾರ ಬಾಬಿನ್ ಡಬ್ಬದ ಜೊತೆ ತೆಗೆದುಕೊಂಡು ಹೋದೆ. ಅವಳು ಅದೇ ಬಾಗಿಲ ಮಿಷನ್ನಿನಲ್ಲಿ ಬರಿಗಾಲಲ್ಲಿ ಕೂತಿದ್ದಳು. ಕತ್ತಿನಲ್ಲಿ ಕರಿಮಣಿ. ನನ್ನನ್ನು ನೋಡಿ ಎದ್ದು ಬಂದು ಮೆಟ್ಟಿಲ ಮೇಲೆ ಕೂತಳು. ಬಲಗಾಲು ಮೊದಲು. ಬೆಳ್ಳಿ ಉಂಗುರ ಒಳಗೆ ಹೋಗಿ ಸರಿಯಾಗಿ ಕೂತಿತು.

"ಇಲ್ಲಿ ದಪ್ಪ ಮಾಡಿದೀರಾ," ಅಂದಳು.

"ಹೂಂ. ಇನ್ನು ಹೋಗಲ್ಲ."

ಅವಳು ಎಡಗಾಲಿನದನ್ನು ಕೈಗೆ ತೆಗೆದುಕೊಂಡಳು. ಆಗ ಹೇಳಿದೆ. ಹೇಳಿ ಏನೂ ಆಗುವುದಿಲ್ಲ ಅಂತ ಆದ ಮೇಲೆ ಮಾತು ತಾನಾಗಿ ಬಂತು.

"ಸಾಕ್ಸು ಕೊಟ್ಟ ದಿನ ನಿಮ್ಮನ್ನ ಒಂದ್ ಮಾತು ಕೇಳ್ಬೇಕು ಅಂತಿದ್ದೆ."

ಅವಳು ತಲೆ ಎತ್ತಲಿಲ್ಲ. ಪಟ್ಟಿಯನ್ನು ಗಿಣ್ಣಿನ ಮೇಲೆ ಎಳೆದುಕೊಂಡಳು.

"ಗೊತ್ತಿತ್ತು," ಅಂದಳು. "ಒಳಗೆ ಒಂದು ಮಿಷನ್ ಖಾಲಿ ಇತ್ತು. ಅಲ್ಲಿ ಗಾಳಿ ಬರಲ್ಲ, ಹೋಗಿ ಕೂತ್ಕೋ ಅಂತ ಮೇಡಂ ಎಷ್ಟ್ ಸಲ ಹೇಳಿದ್ರು. ನಾನ್ ಹೋಗ್ಲಿಲ್ಲ."

ಯಾಕೆ ಅಂತ ಕೇಳುವಷ್ಟು ದಡ್ಡ ನಾನಲ್ಲ.

"ಈಗ ಹೋಗಿ," ಅಂದೆ. "ಚಳಿ ಜಾಸ್ತಿ ಇದೆ."

ಅವಳು ಹೂಂ ಅಂದಳು. ಡಬ್ಬ ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಹೋದಾಗ ಬಾಗಿಲ ಮಿಷನ್ನಿನಲ್ಲಿ ಬೇರೆ ಒಬ್ಬಳಿದ್ದಳು. ಒಳಗಿನ ಸಾಲು ಹೊರಗಿನಿಂದ ಕಾಣುವುದಿಲ್ಲ, ರಟ್ಟಿನ ಪೆಟ್ಟಿಗೆಗಳು ಅಡ್ಡ. ಹನ್ನೆರಡು ಮಿಷನ್ ಓಡುತ್ತಿದ್ದವು. ಶಬ್ದದಲ್ಲಿ ಅವಳದು ಯಾವುದು ಅಂತ ಗೊತ್ತಾಗುತ್ತದಾ ಅಂತ ಸ್ವಲ್ಪ ಹೊತ್ತು ನಿಂತೆ. ಗೊತ್ತಾಗಲಿಲ್ಲ. ಡಬ್ಬ ಕೊಟ್ಟು ಬಂದೆ.